14416ಕ್ಕೆ ಫೋನ್ ಮಾಡಿದ್ದು: ಟೆಲಿ ಮಾನಸ್ ಬಗ್ಗೆ ನನ್ನ ಐದು ತಿಂಗಳ ಅನುಭವ

ಮೊದಲೇ ಹೇಳಿಬಿಡುತ್ತೇನೆ. 14416 ಅಂದರೆ ಟೆಲಿ ಮಾನಸ್, ಮನಸ್ಸಿನ ಕಷ್ಟಕ್ಕೆ ಇರುವ ಸರ್ಕಾರದ ಫೋನ್ ಸಹಾಯವಾಣಿ. ಒಳ್ಳೆಯ ಸೇವೆ. ದುಡ್ಡು ಬೇಡ, ಇಂಟರ್ನೆಟ್ ಬೇಡ, ಬಟನ್ ಫೋನ್ ಇದ್ದರೂ ಸಾಕು, ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು. ಇಷ್ಟು ಗೊತ್ತಾದರೆ ಸಾಕು ಅನ್ನುವವರು ಇಲ್ಲಿಗೇ ನಿಲ್ಲಿಸಿ, ನಂಬರನ್ನು ಫೋನಿನಲ್ಲಿ ಸೇವ್ ಮಾಡಿಕೊಳ್ಳಿ. ಪೂರ್ತಿ ಕೇಳುವ ಮನಸ್ಸಿದ್ದವರಿಗೆ ಉಳಿದದ್ದನ್ನು ಬರೆಯುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ನಮ್ಮದು ಉತ್ತರ ಕನ್ನಡದ ಘಟ್ಟದ ಮೇಲಿನ ಒಂದು ಹಳ್ಳಿ. ಅಡಿಕೆ ತೋಟ, ನಾಲ್ಕು ದನ, ನಾನು ಮತ್ತು ನನ್ನ ಯಜಮಾನರು. ಮಗ ಹುಬ್ಬಳ್ಳಿಯಲ್ಲಿ ಓದುತ್ತಿದ್ದಾನೆ. ನನ್ನ ಆಯಿ, ಅಂದರೆ ಅಮ್ಮ, ಕೊನೆಯ ಆರು ವರ್ಷ ನಮ್ಮ ಜೊತೆಗೇ ಇದ್ದಳು. ಸಂಕ್ರಾಂತಿ ಕಳೆದು ಹತ್ತು ದಿನಕ್ಕೆ ಹೋದಳು. ಎಪ್ಪತ್ತೆಂಟು ವಯಸ್ಸು. ಬಂದವರೆಲ್ಲ ಒಂದೇ ಮಾತು ಹೇಳಿದರು, ಪುಣ್ಯಾತ್ಮೆ, ಯಾರಿಗೂ ತೊಂದರೆ ಕೊಡದೆ ಹೋದಳು ಅಂತ. ಹದಿಮೂರನೇ ದಿನದ ಊಟ ಆಯಿತು, ನೆಂಟರು ಬಸ್ ಹತ್ತಿದರು, ನಾನು ಮತ್ತೆ ಸೊಸೈಟಿಯ ಕೆಲಸಕ್ಕೆ ಹೋಗಲು ಶುರು ಮಾಡಿದೆ.

ಆಮೇಲೆ ನಿದ್ದೆ ಹೋಯಿತು. ಹತ್ತಕ್ಕೆ ಮಲಗಿದರೆ ಎರಡೂವರೆಗೆ ಸರಿಯಾಗಿ ಎಚ್ಚರ. ಆಯಿ ರಾತ್ರಿ ನೀರು ಕೇಳುತ್ತಿದ್ದ ಹೊತ್ತು ಅದು. ಎದ್ದು ಕೂತು, ಆ ಕೊನೆಯ ವಾರ ಒಂದು ದಿನ ಮೊದಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರೆ ಅಂತ ಲೆಕ್ಕ ಹಾಕುವುದು, ಬೆಳಗಾಗುವವರೆಗೆ ಅದೇ ಲೆಕ್ಕ. ಊಟ ಸೇರುತ್ತಿರಲಿಲ್ಲ. ಸೊಸೈಟಿಯಲ್ಲಿ ರಸೀದಿ ಬರೆಯುವಾಗ ಒಬ್ಬರ ಖಾತೆಯ ದುಡ್ಡು ಇನ್ನೊಬ್ಬರ ಖಾತೆಗೆ ಬರೆದೆ, ಹತ್ತೊಂಬತ್ತು ವರ್ಷದ ಸರ್ವೀಸಿನಲ್ಲಿ ಹಾಗೆ ಆಗಿದ್ದು ಅದೇ ಮೊದಲು.

ಮಗ ಒಂದು ಆ್ಯಪ್ ಹಾಕಿಕೊಟ್ಟ. ಕೌನ್ಸೆಲಿಂಗ್ ಆ್ಯಪ್, ದುಡ್ಡು ಕೊಟ್ಟು ಮಾತಾಡುವುದು. ಹೆಸರು ಬೇಡ. ಒಂದು ಸಲಕ್ಕೆ ಸಾವಿರದ ಇನ್ನೂರು ರೂಪಾಯಿ. ಕನ್ನಡ ಅಂತ ಆರಿಸಿದ್ದೆ, ಮಾತಾಡಿದವರಿಗೆ ಕನ್ನಡ ಅರ್ಧಂಬರ್ಧ. ನಮ್ಮಲ್ಲಿ ಇಂಟರ್ನೆಟ್ ಸಿಗುವುದು ಮನೆ ಹಿಂದಿನ ಧರೆ ಹತ್ತಿದರೆ ಮಾತ್ರ. ವಿಡಿಯೋ ನಿಂತು ನಿಂತು ಹೋಯಿತು, ಗಡಿಯಾರ ಮಾತ್ರ ನಿಲ್ಲಲಿಲ್ಲ. ಎರಡನೇ ಸಲ ಬೇರೆ ಯಾರೋ ಬಂದರು, ಮತ್ತೆ ಮೊದಲಿಂದ ಎಲ್ಲ ಹೇಳಬೇಕಾಯಿತು. ಆಯಿ ಸತ್ತ ಕತೆಯನ್ನು ಎರಡು ಸಲ ಗುರುತಿಲ್ಲದವರ ಎದುರು ಹೇಳಿದ ಮೇಲೆ ನನಗೆ ಸಾಕಾಯಿತು. ಆಮೇಲೆ ದಿನಾ ಬೆಳಿಗ್ಗೆ ಫೋನಿಗೆ ಮೆಸೇಜ್ ಬರುತ್ತಿತ್ತು, ಇವತ್ತು ನಿಮ್ಮ ಮನಸ್ಸು ಹೇಗಿದೆ, ಐದು ಮುಖದಲ್ಲಿ ಒಂದನ್ನು ಒತ್ತಿ ಅಂತ. ತೆಗೆದುಹಾಕಿದೆ.

14416 ನನಗೆ ಸಿಕ್ಕಿದ್ದು ಅಂಗನವಾಡಿಯ ಗೋಡೆಯ ಮೇಲೆ. ಒಂದು ಪೋಸ್ಟರ್, ಮಳೆನೀರು ಇಳಿದು ಅರ್ಧ ಮಾಸಿತ್ತು. ಸುಮ್ನೆ ಫೋಟೋ ತೆಗೆದಿಟ್ಟುಕೊಂಡೆ. ಫೋನ್ ಮಾಡಿದ್ದು ಹದಿನೈದು ದಿನ ಬಿಟ್ಟು, ಮಾರ್ಚ್ ತಿಂಗಳ ಒಂದು ರಾತ್ರಿ, ಎರಡು ನಲವತ್ತಕ್ಕೆ. ಜಗಲಿಗೆ ಬಂದು ಕೂತೆ. ಕೊಟ್ಟಿಗೆಯಲ್ಲಿ ದನ ಮಗ್ಗುಲು ಬದಲಿಸಿದಾಗ ಕೊರಳ ಗಂಟೆ ಒಂದು ಸಲ ಅಲ್ಲಾಡುತ್ತಿತ್ತು, ಅಷ್ಟೇ ಸದ್ದು. ಮೊದಲು ಮೆಷಿನ್ ಮಾತಾಡಿತು, ಭಾಷೆ ಆರಿಸಿ ಅಂತು. ಆಮೇಲೆ ಒಂದು ಹುಡುಗಿಯ ಧ್ವನಿ.

"ನಮಸ್ಕಾರ, ಟೆಲಿ ಮಾನಸ್. ಹೇಳಿ ಮೇಡಂ."

ನನಗೆ ಮಾತೇ ಬರಲಿಲ್ಲ. ಅಳು ಬಂತು. ಎಷ್ಟು ಹೊತ್ತೋ ಗೊತ್ತಿಲ್ಲ. ಆ ಹುಡುಗಿ ಫೋನ್ ಇಡಲಿಲ್ಲ, ಸಮಾಧಾನ ಮಾಡಿಕೊಳ್ಳಿ ಅಂತಲೂ ಹೇಳಲಿಲ್ಲ. "ಅಳಿ ಮೇಡಂ, ನಾನು ಲೈನಲ್ಲೇ ಇದ್ದೇನೆ, ಅವಸರ ಇಲ್ಲ" ಅಂದಳು. ನಡುವೆ ಒಂದು ಸಲ "ಇದ್ದೇನೆ" ಅಂದಳು, ಅಷ್ಟೇ. ನಾನು ಈ ವಿಮರ್ಶೆ ಬರೆಯುತ್ತಿರುವುದೇ ಆ ಒಂದು "ಇದ್ದೇನೆ"ಗೋಸ್ಕರ.

ಆಮೇಲೆ ಕೇಳಿದಳು, ನಿಮ್ಮ ತಾಯಿ ಹೆಸರೇನು ಮೇಡಂ ಅಂತ. ಎರಡು ತಿಂಗಳಲ್ಲಿ ಯಾರೂ ಕೇಳಿರಲಿಲ್ಲ. ಕೇಳುವುದಾದರೂ ಯಾಕೆ, ಊರಲ್ಲಿ ಎಲ್ಲರಿಗೂ ಗೊತ್ತಲ್ವಾ. ಆದರೆ ಆಯಿಯ ಹೆಸರನ್ನು ನನ್ನ ಬಾಯಲ್ಲಿ ಹೇಳಿದಾಗ ಎದೆಯಲ್ಲಿ ಏನೋ ಸಡಿಲವಾಯಿತು. ಅವರು ಎಂತ ಅಡುಗೆ ಚೆನ್ನಾಗಿ ಮಾಡ್ತಿದ್ರು, ನಿಮ್ಮ ಮೇಲೆ ಸಿಟ್ಟು ಮಾಡ್ತಿದ್ರಾ, ಕೊನೆಯ ದಿನ ಏನು ಮಾತಾಡಿದ್ರು, ಒಂದೊಂದೇ ಕೇಳಿದಳು. ನಾನು ಹೇಳುತ್ತಾ ಹೋದೆ.

ಒಂದು ಪ್ರಶ್ನೆ ನೇರವಾಗಿ ಕೇಳಿದಳು. "ಬದುಕಿರೋದೇ ಬೇಡ ಅಂತ ಅನ್ನಿಸಿದ್ದು ಉಂಟಾ ಮೇಡಂ? ಹಾಗೆ ಏನಾದರೂ ಮಾಡಿಕೊಳ್ಳುವ ಯೋಚನೆ ಬಂದಿತ್ತಾ?" ನನಗೆ ಆ ಯೋಚನೆ ಬಂದಿರಲಿಲ್ಲ, ಇಲ್ಲ ಅಂದೆ. ಆದರೆ ಆ ಪ್ರಶ್ನೆ ಕೇಳಿದ್ದು ಒಳ್ಳೆಯದಾಯಿತು ಅಂತ ನನಗೆ ಈಗ ಅನ್ನಿಸುತ್ತದೆ. ನಮ್ಮಲ್ಲಿ ಇದನ್ನು ಕೇಳಲು ಹೆದರುತ್ತಾರೆ, ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗೆ ಆಗುತ್ತದೆ ಅಂತ. ಹಾಗೇನೂ ಆಗುವುದಿಲ್ಲ. ಒಳಗೇ ಇಟ್ಟುಕೊಂಡು ನರಳುವವರಿಗೆ, ಯಾರಾದರೂ ಮುಚ್ಚುಮರೆ ಇಲ್ಲದೆ ಕೇಳಿದರೆ ಬಾಯಿ ಬಿಡಲು ದಾರಿ ಸಿಗುತ್ತದೆ. ನಿಮ್ಮ ಮನೆಯಲ್ಲಿ ಯಾರ ಬಗ್ಗೆಯಾದರೂ ಆ ಸಂಶಯ ಇದ್ದರೆ, ಪಕ್ಕದಲ್ಲಿ ಕೂತು ಕೇಳಿ. ಹೌದು ಅಂದರೆ ಅವರನ್ನು ಒಬ್ಬರೇ ಬಿಡಬೇಡಿ, ಈ ನಂಬರಿಗೆ ನೀವೇ ಮಾಡಿ. ಮನೆಯವರು ಫೋನ್ ಮಾಡಿ ಕೇಳಬಹುದು, ತೊಂದರೆಯಲ್ಲಿ ಇರುವವರೇ ಮಾಡಬೇಕು ಅಂತಿಲ್ಲ. ಜೀವಕ್ಕೆ ಅಪಾಯ ಆಗುವ ಹೊತ್ತಾದರೆ ಕಾಯಬೇಡಿ, ಸೀದಾ 108 ಅಥವಾ 112.

ನಲವತ್ತು ನಿಮಿಷ ಮಾತಾಡಿದೆ. ಕೊನೆಗೆ ಆ ಹುಡುಗಿ ಕೇಳಿದ ಪ್ರಶ್ನೆ ನನ್ನನ್ನು ಬಿಡಲೇ ಇಲ್ಲ. "ಇದನ್ನೆಲ್ಲ ಮನೆಯಲ್ಲಿ ಯಾರಿಗೆ ಹೇಳಿದ್ದೀರಿ ಮೇಡಂ?"

ಯಾರಿಗೂ ಹೇಳಿರಲಿಲ್ಲ.

ಫೋನ್ ಇಟ್ಟು ತಿರುಗಿದರೆ ಬಾಗಿಲ ಹತ್ತಿರ ಯಜಮಾನರು ನಿಂತಿದ್ದರು. ಎಷ್ಟು ಹೊತ್ತಿಂದಲೋ. ಏನೂ ಕೇಳಲಿಲ್ಲ. ಬಂದು ಪಕ್ಕದಲ್ಲಿ ಕೂತರು, ಕವಳದ ತಟ್ಟೆ ಎಳೆದುಕೊಂಡರು, ಎಲೆಗೆ ಸುಣ್ಣ ಹಚ್ಚುತ್ತಾ ಹಚ್ಚುತ್ತಾ, "ನಂಗೂ ಎಚ್ಚರ ಆಗ್ತದೆ, ಅತ್ತೆ ಕರೆದ ಹಾಗೆ ಆಗ್ತದೆ" ಅಂದರು. ಎರಡು ತಿಂಗಳು ಒಂದೇ ಕೋಣೆಯಲ್ಲಿ ಇಬ್ಬರೂ ಎದ್ದೇ ಇದ್ದೆವು, ಒಬ್ಬರಿಗೊಬ್ಬರು ನಿದ್ದೆ ಬಂದವರ ಹಾಗೆ ಮಲಗಿದ್ದೆವು.

ಸೇವೆಯ ಬಗ್ಗೆ ನಾಲ್ಕು ಮಾತು. ಆಮೇಲೆ ನಾನೇ ವಿಚಾರಿಸಿ ತಿಳಿದುಕೊಂಡದ್ದು. ಟೆಲಿ ಮಾನಸ್ ಅನ್ನುವುದು ಸರ್ಕಾರದ್ದು. 2022ರ ಕೇಂದ್ರ ಬಜೆಟ್‌ನಲ್ಲಿ ಹೇಳಿ, ಅದೇ ವರ್ಷ ಅಕ್ಟೋಬರ್ 10ಕ್ಕೆ, ಅಂದರೆ ವಿಶ್ವ ಮಾನಸಿಕ ಆರೋಗ್ಯ ದಿನದಂದು ಶುರು ಮಾಡಿದರು. ಇಡೀ ದೇಶಕ್ಕೆ ಇದರ ಮುಖ್ಯ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್. ತಾಂತ್ರಿಕ ಕೆಲಸಕ್ಕೆ ಬೆಂಗಳೂರಿನದೇ ಐಐಐಟಿ ಅನ್ನುವ ಮಾಹಿತಿ ತಂತ್ರಜ್ಞಾನ ಸಂಸ್ಥೆ ಜೊತೆಗಿದೆ. 20 ಭಾಷೆಯಲ್ಲಿ ಮಾತಾಡುತ್ತಾರೆ. ಫೋನ್ ಎತ್ತುವವರು ತರಬೇತಿ ಪಡೆದ ಕೌನ್ಸೆಲರ್‌ಗಳು. ಅವರ ಕೈಮೀರಿದ್ದು ಅನ್ನಿಸಿದರೆ ಮೇಲಿನವರಿಗೆ, ಅಂದರೆ ಮನೋವೈದ್ಯರಿಗೆ ಅಥವಾ ಮನಶ್ಶಾಸ್ತ್ರಜ್ಞರಿಗೆ ದಾಟಿಸುತ್ತಾರೆ, ಇಲ್ಲವೇ ನಿಮ್ಮ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ದಾರಿ ತೋರಿಸುತ್ತಾರೆ. 14416 ಹತ್ತದಿದ್ದರೆ 1800 891 4416 ಕೂಡ ಅದೇ ಸೇವೆ. 2024ರಲ್ಲಿ ಆ್ಯಪ್ ಕೂಡ ಬಿಟ್ಟಿದ್ದಾರೆ, ನಾನು ಬಳಸಿಲ್ಲ, ನನಗೆ ಫೋನೇ ಸಾಕಾಯಿತು. ಹೆಸರು ಹೇಳಲು ಇಷ್ಟವಿಲ್ಲ ಅಂದರೂ ಮಾತಾಡುತ್ತಾರೆ. ಹಳ್ಳಿಯಲ್ಲಿ ಇರುವವರಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ಬಿಡಿಸಿ ಹೇಳಬೇಕಿಲ್ಲ.

ಯಾಕೆಂದರೆ ನಮ್ಮ ಕಡೆ ಇವತ್ತಿಗೂ ಯಾರಾದರೂ ಸ್ವಲ್ಪ ತಲೆ ಕೆಟ್ಟ ಹಾಗೆ ಮಾತಾಡಿದರೆ "ಧಾರವಾಡಕ್ಕೆ ಕಳಿಸಬೇಕು" ಅನ್ನುತ್ತಾರೆ, ಅಲ್ಲಿ ಮಾನಸಿಕ ಆಸ್ಪತ್ರೆ ಇದೆ. ಬೆಂಗಳೂರಿನ ಕಡೆ ಅದೇ ಮಾತನ್ನು ನಿಮ್ಹಾನ್ಸ್ ಹೆಸರಲ್ಲಿ ಹೇಳುತ್ತಾರೆ. ನಾನೂ ಚಿಕ್ಕವಳಿದ್ದಾಗ ಹೇಳಿ ನಕ್ಕಿದ್ದೇನೆ. ಈಗ ಆ ಮಾತು ಕೇಳಿದರೆ ಸಂಕಟ ಆಗುತ್ತದೆ. ನಿಮ್ಹಾನ್ಸ್ 2015-16ರಲ್ಲಿ ದೇಶದ ಹನ್ನೆರಡು ರಾಜ್ಯಗಳಲ್ಲಿ ಮಾಡಿದ ಸಮೀಕ್ಷೆಯ ಪ್ರಕಾರ ದೊಡ್ಡವರಲ್ಲಿ ನೂರಕ್ಕೆ ಹತ್ತು ಜನರಿಗಿಂತ ಜಾಸ್ತಿ ಒಂದಲ್ಲ ಒಂದು ಮಾನಸಿಕ ತೊಂದರೆಯಲ್ಲಿ ಇದ್ದರು, ಅವರಲ್ಲಿ ಹೆಚ್ಚಿನವರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಡಾಕ್ಟರು ಇಲ್ಲ ಅನ್ನುವುದು ಒಂದು ಕಾರಣ. ಆ ಗೇಟಿನ ಒಳಗೆ ಹೋಗಿದ್ದನ್ನು ಯಾರಾದರೂ ನೋಡಿದರೆ ಅನ್ನುವ ಹೆದರಿಕೆ ಇನ್ನೊಂದು. ಫೋನಿಗೆ ಗೇಟ್ ಇಲ್ಲ.

ಎರಡನೇ ಸಲ ನಾನೇ ಮಾಡಿದ್ದು ಒಂದು ವಾರ ಬಿಟ್ಟು. ಈ ಸಲ ಒಬ್ಬ ಹುಡುಗ, ಮೈಸೂರು ಕಡೆಯ ಮಾತು. ನಿದ್ದೆ, ಊಟ, ತೂಕ, ಕೆಲಸದಲ್ಲಿ ಆದ ತಪ್ಪು, ಎಷ್ಟು ದಿನದಿಂದ ಹೀಗೆ, ಎಲ್ಲ ಕೇಳಿದ. ದುಃಖ ಅನ್ನುವುದು ಕಾಯಿಲೆ ಅಲ್ಲ ಮೇಡಂ, ಆದರೆ ನಿದ್ದೆ ಊಟ ಎರಡೂ ಇಷ್ಟು ವಾರ ಹೋಗಿದೆ ಅಂದರೆ ಒಮ್ಮೆ ಡಾಕ್ಟರಿಗೆ ತೋರಿಸಬೇಕು ಅಂದ. ನಮ್ಮ ತಾಲ್ಲೂಕು ಆಸ್ಪತ್ರೆಗೇ ಮನೋವೈದ್ಯರು ಮಂಗಳವಾರ ಬರುತ್ತಾರೆ ಅಂತ ನನಗೆ ಆಗ ಗೊತ್ತಾಗಿದ್ದು. ಮನೋಚೈತನ್ಯ ಅಂತ ಅದರ ಹೆಸರು, ಕರ್ನಾಟಕ ಸರ್ಕಾರದ ಕಾರ್ಯಕ್ರಮ. ನೀವು ಹೋಗುವುದಾದರೆ ಯಾವ ಮಂಗಳವಾರ ಬರುತ್ತಾರೆ ಅಂತ ಮೊದಲೇ ಕೇಳಿಕೊಂಡು ಹೋಗಿ, ಒಂದೊಂದು ಕಡೆ ಒಂದೊಂದು ಥರ ಇರುತ್ತದೆ.

ಮಂಗಳವಾರ ಯಜಮಾನರೇ ಕರೆದುಕೊಂಡು ಹೋದರು. ಸಾಲಿನಲ್ಲಿ ಕೂತಿದ್ದವರಲ್ಲಿ ನನಗೆ ಪರಿಚಯದವರು ಇಬ್ಬರಿದ್ದರು. ಒಬ್ಬರು ನಮ್ಮ ಸೊಸೈಟಿಗೆ ಅಡಿಕೆ ತರುವವರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು, ಅವರು ಸ್ವಲ್ಪ ಸರಿದು ಬೆಂಚಿನಲ್ಲಿ ಜಾಗ ಮಾಡಿಕೊಟ್ಟರು. ಆಮೇಲೆ ಕೊಳೆರೋಗದ ವಿಷಯ ಮಾತಾಡಿದೆವು.

ಡಾಕ್ಟರು ಮೊದಲು ರಕ್ತ ಪರೀಕ್ಷೆ ಬರೆದುಕೊಟ್ಟರು. ಥೈರಾಯ್ಡ್ ಸರಿ ಇತ್ತು, ರಕ್ತ ಕಡಿಮೆ ಇತ್ತು. ಹೀಗೆ ಸುಸ್ತು, ಬೇಸರ, ನಿದ್ದೆ ಇಲ್ಲದಿರುವುದಕ್ಕೆ ಮೈಯ ಕಾರಣವೂ ಇರಬಹುದು, ಅದನ್ನು ನೋಡದೆ ಮನಸ್ಸಿನದೇ ಅಂತ ಹೇಳಬಾರದು ಅಂದರು. ಕಬ್ಬಿಣದ ಮಾತ್ರೆ ಕೊಟ್ಟರು, ಜೊತೆಗೆ ಒಂದು ಸಣ್ಣ ಮಾತ್ರೆ. ಇದು ತಲೆನೋವಿನ ಮಾತ್ರೆಯ ಹಾಗಲ್ಲ, ಪರಿಣಾಮ ಕಾಣಲು ಎರಡು ಮೂರು ವಾರ ಬೇಕು, ನಡುವೆ ಗುಣ ಕಂಡಿತು ಅಂತ ನೀವೇ ನಿಲ್ಲಿಸಬೇಡಿ ಅಂತ ಎರಡೆರಡು ಸಲ ಹೇಳಿದರು. ಮಾತ್ರೆ ಆಸ್ಪತ್ರೆಯಲ್ಲೇ ಪುಕ್ಕಟೆ ಸಿಕ್ಕಿತು.

ತಾಲ್ಲೂಕು ಆಸ್ಪತ್ರೆಯವರೆಗೆ ಇದು ಬಂದಿದ್ದರ ಹಿಂದೆ ನಮ್ಮ ರಾಜ್ಯದ್ದೇ ಒಂದು ಕತೆ ಇದೆ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ಮಾಡಿದರು. ರೋಗಿಗಳು ಬೆಂಗಳೂರಿಗೆ ಬರುವುದು ಬೇಡ, ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ, ಕಾರ್ಯಕರ್ತರಿಗೆ ಕಲಿಸಿಕೊಟ್ಟರೆ ಅಲ್ಲೇ ನೋಡಬಹುದು ಅಂತ. ಅದು ನಡೆಯಿತು. ಅದನ್ನೇ ಮಾದರಿ ಮಾಡಿಕೊಂಡು 1996ರಲ್ಲಿ ದೇಶದ ಬೇರೆ ಜಿಲ್ಲೆಗಳಿಗೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ತಂದರು. ಬಳ್ಳಾರಿ ಅಂದರೆ ಗಣಿ, ಬಿಸಿಲು ಅಂತ ಮಾತ್ರ ನಮಗೆ ಗೊತ್ತು. ಇದು ಶಾಲೆಯ ಪುಸ್ತಕದಲ್ಲಿ ಇರಬೇಕಾದ ವಿಷಯ.

ಈಗ ಹಪ್ಪಳದ ಒಂದು ವಿಷಯ ಹೇಳಬೇಕು. ಏಪ್ರಿಲ್ ಕೊನೆಗೆ ಟೆಲಿ ಮಾನಸ್‌ನಿಂದ ಹೇಗಿದ್ದೀರಿ ಅಂತ ಕೇಳಲು ಫೋನ್ ಬಂತು. ಹಾಗೆ ತಿರುಗಿ ವಿಚಾರಿಸುವ ಪದ್ಧತಿ ಅವರಲ್ಲಿ ಇದೆ. ನಿದ್ದೆ ಸ್ವಲ್ಪ ಬರುತ್ತಿದೆ, ಐದರವರೆಗೆ ಮಲಗುತ್ತೇನೆ ಅಂದೆ. ಮಾತಾಡುತ್ತಾ, ಹಿತ್ತಿಲಲ್ಲಿ ಹಲಸು ಬಲಿತಿದೆ, ಈ ಹೊತ್ತಿಗೆ ಆಯಿ ಹಪ್ಪಳಕ್ಕೆ ಕೂರುತ್ತಿದ್ದಳು, ಈ ವರ್ಷ ಮರದ ಕಡೆ ನೋಡಲೂ ಆಗುವುದಿಲ್ಲ ಅಂದೆ. ಆ ಕಡೆಯವರು ಸ್ವಲ್ಪ ಸುಮ್ಮನಿದ್ದು ಕೇಳಿದರು. "ನಿಮ್ಮ ತಾಯಿ ಒಬ್ಬರೇ ಮಾಡ್ತಿದ್ರಾ, ಯಾರಾದರೂ ಜೊತೆಗೆ ಬರ್ತಿದ್ರಾ?"

ಬರುತ್ತಿದ್ದರು. ಪಕ್ಕದ ಮನೆಯ ಅತ್ತಿಗೆ, ಕೆಳಗಿನ ಮನೆಯ ಅಕ್ಕ, ಕೆಲಸಕ್ಕೆ ಬರುವ ಹೆಂಗಸು, ನಾಲ್ಕು ಜನ ಕೂತರೆ ಒಂದು ದಿನಕ್ಕೆ ಮುನ್ನೂರು ಹಪ್ಪಳ. ಅವರೆಲ್ಲ ಈ ವರ್ಷ ನಾನು ಕರೆಯಲಿ ಅಂತ ಕಾಯುತ್ತಿರಬಹುದು ಅಂತ ನನಗೆ ಹೊಳೆದೇ ಇರಲಿಲ್ಲ.

ಮರುದಿನ ಅತ್ತಿಗೆಯ ಮನೆಗೆ ಹೋಗಿ, ಕಾಯಿ ಬಲಿತಿದೆ, ಬರ್ತೀರಾ ಅಂತ ಕೇಳಿದೆ. ಅತ್ತಿಗೆ ಕೈಲಿದ್ದ ಸೌಟು ಅಲ್ಲೇ ಇಟ್ಟರು. "ನೀನು ಕರಿಯೋದೇ ಇಲ್ಲವೇನೋ ಅಂತ ಮಾಡಿದ್ದೆ" ಅಂದರು.

ಕೈಗೆ ಎಣ್ಣೆ ಹಚ್ಚಿಕೊಂಡು ಸೊಳೆ ಬಿಡಿಸುವುದು, ಮೇಣ ಅಂಟಿದರೆ ಹೋಗುವುದಿಲ್ಲ. ಬೀಜ ತೆಗೆದು, ಹಬೆಯಲ್ಲಿ ಬೇಯಿಸಿ, ಬಿಸಿ ಇರುವಾಗಲೇ ಒರಳಿಗೆ ಹಾಕಿ ಕುಟ್ಟುವುದು. ಆರಿದರೆ ನುಣ್ಣಗಾಗುವುದಿಲ್ಲ. ಉಪ್ಪು, ಮೆಣಸಿನಕಾಯಿ, ಜೀರಿಗೆ ಎಷ್ಟು ಹಾಕಬೇಕು ಅನ್ನುವುದು ಆಯಿಗೆ ಕೈಯಲ್ಲೇ ಗೊತ್ತಿತ್ತು, ಯಾರೂ ಬರೆದಿಟ್ಟಿಲ್ಲ. ಮೂರು ಜನ ಮೂರು ಸಲ ಹಿಟ್ಟು ನೆಕ್ಕಿ ನೋಡಿದೆವು. ಕೆಳಗಿನ ಮನೆಯ ಅಕ್ಕ, ಉಪ್ಪು ಒಂದು ಚಿಟಿಕೆ ಕಮ್ಮಿ ಅಂದಳು, ಆಯಿ ನನಗೆ ಯಾವಾಗಲೂ ಹೇಳುತ್ತಿದ್ದ ಮಾತು ಅದು. ನಾನು ಅತ್ತೆ. ಅತ್ತಿಗೆಯೂ ಅತ್ತರು. ಯಾರೂ ಕೆಲಸ ನಿಲ್ಲಿಸಲಿಲ್ಲ. ಉಂಡೆ ಮಾಡಿ, ಎಣ್ಣೆ ಸವರಿದ ಬಾಳೆಲೆ ನಡುವೆ ಇಟ್ಟು, ಮಣೆಯಲ್ಲಿ ಒತ್ತಿ, ಚಾಪೆ ಮೇಲೆ ಹಾಕುತ್ತಾ ಹೋದೆವು. ಸಂಜೆಗೆ ಇನ್ನೂರ ನಲವತ್ತು ಆಗಿತ್ತು. ಆ ರಾತ್ರಿ ನಾನು ಆರು ಗಂಟೆಯವರೆಗೆ ಮಲಗಿದೆ.

ಹಪ್ಪಳದಿಂದ ಗುಣ ಆಯಿತು ಅಂತ ನಾನು ಹೇಳುತ್ತಿಲ್ಲ, ದಯವಿಟ್ಟು ಯಾರೂ ಹಾಗೆ ಓದಿಕೊಳ್ಳಬೇಡಿ. ಮಾತ್ರೆ ಕೆಲಸ ಮಾಡಿದೆ, ರಕ್ತ ಏರಿದೆ, ದಿನಗಳೂ ಕಳೆದಿವೆ. ಆದರೆ ನನ್ನ ಬಾಯಿಂದ ಆ ಮಾತು ಹೊರಡಿಸಿ, ನನ್ನನ್ನು ಪಕ್ಕದ ಮನೆಯ ಬಾಗಿಲವರೆಗೆ ಕಳಿಸಿದ್ದು ಆ ಫೋನಿನ ಕಡೆಯವರು. ನಿಮಗೆ ನಾವಿದ್ದೇವೆ ಅಂತ ಅವರು ಹೇಳಬಹುದಿತ್ತು, ಅದನ್ನು ಹೇಳಿದರು ಕೂಡ. ಅಷ್ಟಕ್ಕೇ ಬಿಡದೆ ನಿಮ್ಮ ಸುತ್ತ ಯಾರಿದ್ದಾರೆ ಅಂತ ಕೇಳಿದರು. ನನಗೆ ಈ ಸೇವೆಯಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಇದು.

ಇನ್ನು ಫೋನ್ ಮಾಡುವ ಮೊದಲು ಗೊತ್ತಿರಬೇಕಾದ ಕೆಲವು ವಿಷಯ. ಇದು ಸಹಾಯವಾಣಿ, ಪ್ರತಿ ಸಲ ಅದೇ ಧ್ವನಿ ಸಿಗುತ್ತದೆ ಅಂತ ಎಣಿಸಬೇಡಿ. ನಾನು ಎರಡನೇ ಸಲ ಮಾಡುವ ಮೊದಲು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡೆ: ಆಯಿ ಹೋದ ದಿನ, ನಿದ್ದೆ ಹೋಗಿ ಎಷ್ಟು ವಾರ, ಹಿಂದಿನ ಸಲ ಏನು ಮಾತಾಡಿದ್ದು. ಅದರಿಂದ ಮತ್ತೆ ಮೊದಲಿಂದ ಕತೆ ಹೇಳುವ ಕಷ್ಟ ತಪ್ಪಿತು, ನೀವೂ ಹಾಗೆ ಮಾಡಿ. ವರ್ಷಗಟ್ಟಲೆ ಒಳಗೆ ಉಳಿದ ಗಾಯ, ಚಿಕ್ಕಂದಿನದು, ಮದುವೆಯದು, ಅಂಥದಕ್ಕೆ ಒಬ್ಬರೇ ಥೆರಪಿಸ್ಟ್ ಹತ್ತಿರ ತಿಂಗಳುಗಟ್ಟಲೆ ಕೂರಬೇಕಾಗುತ್ತದೆ, ಫೋನ್ ಅದಕ್ಕೆ ಬದಲಿ ಅಲ್ಲ. ಅಂಥವರಿಗೆ ಎಲ್ಲಿ ಹೋಗಬೇಕು ಅಂತ ಕೇಳಲು ಮಾತ್ರ ಈ ನಂಬರ್ ಸಾಕು. ಬೆಂಗಳೂರಿನವರಿಗೆ ಒಂದು ಅನುಕೂಲ ಇದೆ, ಬಿಟಿಎಂ ಲೇಔಟ್‌ನಲ್ಲಿ ನಿಮ್ಹಾನ್ಸ್‌ನದೇ ಸ್ವಾಸ್ಥ್ಯ ಕೇಂದ್ರ ಬೇರೆ ಇದೆ, ದೊಡ್ಡ ಆಸ್ಪತ್ರೆಯ ಒಳಗೆ ಹೋಗಲು ಹಿಂಜರಿಯುವವರು ಅಲ್ಲಿಗೆ ಹೋಗಬಹುದು. ನನ್ನ ತಂಗಿಯ ಮಗಳು ಹೋಗಿ ಬಂದು ಒಳ್ಳೆಯ ಮಾತು ಹೇಳಿದ್ದಾಳೆ.

ನನ್ನ ಒಂದೇ ಬೇಡಿಕೆ, ಈ ನಂಬರನ್ನು ಜನರ ಕಣ್ಣಿಗೆ ಬೀಳುವ ಹಾಗೆ ಹಾಕಲಿ. ಬಸ್ ಸ್ಟ್ಯಾಂಡ್, ಹಾಲಿನ ಡೈರಿ, ರೇಷನ್ ಅಂಗಡಿ, ಕಾಲೇಜಿನ ಹಾಸ್ಟೆಲ್. ಮಾಸಿದ ಪೋಸ್ಟರ್ ನನ್ನ ಕಣ್ಣಿಗೆ ಬಿದ್ದಿದ್ದು ಮಗುವನ್ನು ಬಿಡಲು ಬಂದ ಅತ್ತಿಗೆಯ ಸೊಸೆಗೋಸ್ಕರ ನಾನು ಹೊರಗೆ ಕಾಯುತ್ತಾ ನಿಂತಿದ್ದರಿಂದ. ಬೇರೆ ದಾರಿಯಲ್ಲಿ ಹೋಗಿದ್ದರೆ ಗೊತ್ತೇ ಆಗುತ್ತಿರಲಿಲ್ಲ.

ಐದಕ್ಕೆ ಎಷ್ಟು ಕೊಡುತ್ತೀರಿ ಅಂದರೆ ನಾನು ಐದೂ ಕೊಡುತ್ತೇನೆ.

ನಮ್ಮ ಸೊಸೈಟಿಯ ಕೌಂಟರಿನಲ್ಲಿ ಗಾಜಿನ ಅಡಿಗೆ ಕರೆಂಟ್ ಆಫೀಸಿನ ನಂಬರ್, ಗ್ಯಾಸಿನವರ ನಂಬರ್ ಬರೆದ ಚೀಟಿ ಇದೆ. ಅದರ ಕೆಳಗೆ ಹೋದ ತಿಂಗಳು ನಾನೇ ನೀಲಿ ಪೆನ್ನಿನಲ್ಲಿ 14416 ಬರೆದೆ, ಪಕ್ಕದಲ್ಲಿ "ಮನಸ್ಸಿಗೆ ಕಷ್ಟ ಆದರೆ, ಪುಕ್ಕಟೆ" ಅಂತ. ಮೊನ್ನೆ ಒಬ್ಬ ಹುಡುಗ ಅಪ್ಪನ ಪಾಸ್‌ಬುಕ್ ಹಿಡಿದು ಬಂದಿದ್ದ, ಇಪ್ಪತ್ತೆರಡು ಇಪ್ಪತ್ಮೂರು ವಯಸ್ಸಿರಬಹುದು. ನಾನು ಎಂಟ್ರಿ ಹಾಕುವಷ್ಟು ಹೊತ್ತು ಗಾಜಿನ ಮೇಲೆ ಕೈಯಿಟ್ಟು ನಿಂತಿದ್ದ. ಪಾಸ್‌ಬುಕ್ ತೆಗೆದುಕೊಂಡು ಬಾಗಿಲವರೆಗೆ ಹೋದವನು ತಿರುಗಿ ಬಂದ. "ಇದು ರಾತ್ರಿನೂ ಎತ್ತುತ್ತಾರಾ ಅಕ್ಕ?" ಅಂತ ಕೇಳಿದ.

ಎತ್ತುತ್ತಾರೆ ತಮ್ಮ, ನಾನು ಮಾಡಿದ್ದು ರಾತ್ರಿನೇ ಅಂದೆ.